ಮರೆಯ ಬಣ್ಣ

ಹಸಿರು ಹುಲ್ಲಿನ ನಡುವೆ ಕುಳಿತ ಮಿಡತೆಯನ್ನು ಕಣ್ಣು ಸುಲಭವಾಗಿ ಗುರುತಿಸಲಾರದು. ಅದು ಹಾರಿದಾಗಲೇ ಅಲ್ಲೊಂದು ಜೀವವಿತ್ತೆಂಬುದು ನಮಗೆ ತಿಳಿಯುತ್ತದೆ. ಮರದ ತೊಗಟೆಗೆ ಅಂಟಿಕೊಂಡ ಪತಂಗ, ಒಣಗಿದ ಎಲೆಗಳ ಮೇಲೆ ಮಲಗಿದ ಹಾವು, ಕೆರೆಯ ದಡದ ಕೆಸರಿನಲ್ಲಿ ಕುಳಿತ ಕಪ್ಪೆ ಇವೆಲ್ಲವೂ ಸುತ್ತಲಿನ ಬಣ್ಣವನ್ನೇ ಉಟ್ಟುಕೊಂಡು ಬದುಕುತ್ತವೆ. ಬೇಟೆಗಾರನ ಕಣ್ಣಿಗೆ ಬೀಳದಿರುವುದು ದುರ್ಬಲ ಪ್ರಾಣಿಗೆ ರಕ್ಷಣೆ. ಬೇಟೆಯ ಕಣ್ಣಿಗೆ ಬೀಳದಿರುವುದು ಬಲಿಷ್ಠ ಪ್ರಾಣಿಗೆ ಅನ್ನ. ಹುಲಿಯ ಪಟ್ಟೆಗಳಿಗೂ ಜಿಂಕೆಯ ಚುಕ್ಕೆಗಳಿಗೂ ಒಂದೇ ಕಾಡಿನ ಬಿಸಿಲು ನೆರಳುಗಳು ಆಶ್ರಯ ಕೊಡುತ್ತವೆ.

ಮೀನು, ಜಿಂಕೆ ಮೊದಲಾದ ಅನೇಕ ಪ್ರಾಣಿಗಳ ಬೆನ್ನು ಗಾಢವಾಗಿಯೂ ಹೊಟ್ಟೆ ತಿಳಿಯಾಗಿಯೂ ಇರುವುದನ್ನು ನಾವು ಕಾಣುತ್ತೇವೆ. ಇದಕ್ಕೆ ಕಾರಣವೇನು? ಬೆಳಕು ಮೇಲಿನಿಂದ ಬೀಳುವುದರಿಂದ ಯಾವುದೇ ದುಂಡಗಿನ ದೇಹದ ಮೇಲ್ಭಾಗ ಬೆಳಗುತ್ತದೆ, ಕೆಳಭಾಗ ನೆರಳಿನಲ್ಲಿರುತ್ತದೆ. ಈ ವ್ಯತ್ಯಾಸದಿಂದಲೇ ಅದು ದುಂಡಗಿದೆಯೆಂದು ಕಣ್ಣಿಗೆ ಗೊತ್ತಾಗುವುದು. ಬೆಳಗುವ ಕಡೆ ಗಾಢ ಬಣ್ಣವನ್ನೂ ನೆರಳಿನ ಕಡೆ ತಿಳಿ ಬಣ್ಣವನ್ನೂ ಇರಿಸಿದರೆ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಆಗ ದೇಹವು ಚಪ್ಪಟೆಯಾಗಿ ತೋರಿ ಹಿನ್ನೆಲೆಯಲ್ಲಿ ಲೀನವಾಗುತ್ತದೆ. ಈ ತತ್ತ್ವವನ್ನು ಅಮೆರಿಕದ ಚಿತ್ರಕಾರ ಆ್ಯಬಟ್ ಥೇಯರ್ ಅವರು 1896ರಲ್ಲಿ ಸ್ಪಷ್ಟವಾಗಿ ವಿವರಿಸಿದರು. ಚಪ್ಪಟೆಯಾದ ಬಟ್ಟೆಯ ಮೇಲೆ ನೆರಳು ತುಂಬಿ ದುಂಡಗಿನ ಹಣ್ಣನ್ನು ತೋರಿಸುವುದು ಚಿತ್ರಕಾರನ ಕೆಲಸ. ದುಂಡಗಿನ ಪ್ರಾಣಿಯನ್ನು ಚಪ್ಪಟೆಯಾಗಿ ತೋರಿಸುವುದು ಪ್ರಕೃತಿಯ ಕೆಲಸ. ಒಂದು ವಿದ್ಯೆಯನ್ನು ಬಲ್ಲವನಿಗೆ ಇನ್ನೊಂದರ ಗುಟ್ಟು ಹೊಳೆದುದು ಆಶ್ಚರ್ಯವಲ್ಲ.

ಮನುಷ್ಯನು ಈ ಪಾಠವನ್ನು ಯುದ್ಧಕ್ಕೂ ಬಳಸಿಕೊಂಡನು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಫ್ರಾನ್ಸಿನ ಸೇನೆಯು ಮರೆಮಾಚುವ ಕಲೆಗಾಗಿಯೇ ಒಂದು ಪ್ರತ್ಯೇಕ ವಿಭಾಗವನ್ನು ತೆರೆಯಿತು. ಗಿರಾಂ ದ ಸೆವೊಲಾ ಎಂಬ ಚಿತ್ರಕಾರರು ಅದನ್ನು ಮುನ್ನಡೆಸಿದರು. ಫಿರಂಗಿಗಳು, ಬಂಡಿಗಳು, ಕಾವಲುಗೂಡುಗಳು ಬಣ್ಣದ ತೇಪೆಗಳನ್ನು ಹೊತ್ತವು. 'ಕ್ಯಾಮೊಫ್ಲಾಜ್' ಎಂಬ ಫ್ರೆಂಚ್ ಮಾತು ಲೋಕದ ಭಾಷೆಗಳಿಗೆ ಹರಡಿದುದು ಆ ಕಾಲದಲ್ಲಿಯೇ. ಅಂದಿನ ವಿಮಾನಗಳ ರೆಕ್ಕೆಗಳಿಗೆ ಬಟ್ಟೆಯ ಹೊದಿಕೆಯಿರುತ್ತಿತ್ತು. ಜರ್ಮನರು ಬಹುಭುಜಾಕೃತಿಯ ಬಣ್ಣದ ತುಂಡುಗಳನ್ನು ಬಟ್ಟೆಯ ಮೇಲೆಯೇ ಅಚ್ಚುಮಾಡಿ, ಆ ಬಟ್ಟೆಯನ್ನು ವಿಮಾನಕ್ಕೆ ಹೊದಿಸಿದರು. ಇದರಿಂದ ಬಣ್ಣ ಬಳಿಯುವ ಶ್ರಮವೂ ಬಣ್ಣದ ಭಾರವೂ ಉಳಿದವು.

ಎರಡನೆಯ ಮಹಾಯುದ್ಧದಲ್ಲಿ ಈ ಕಲೆಯು ಶಾಸ್ತ್ರವಾಗಿ ಬೆಳೆಯಿತು. 1940ರಲ್ಲಿ ಬ್ರಿಟನ್ನಿನ ಸ್ಪಿಟ್‌ಫೈರ್ ಮತ್ತು ಹರಿಕೇನ್ ವಿಮಾನಗಳ ಬೆನ್ನಿನ ಮೇಲೆ ಕಡುಹಸಿರು ಹಾಗೂ ಮಣ್ಣಿನ ಕಂದು ಬಣ್ಣಗಳು ದೊಡ್ಡ ಅಲೆಗಳಂತೆ ಹರಡಿದ್ದವು. ಮೇಲಿನಿಂದ ನೋಡುವ ಶತ್ರುವಿಗೆ ಆ ವಿಮಾನವು ಇಂಗ್ಲೆಂಡಿನ ಹೊಲ, ಬೇಲಿ, ತೋಪುಗಳ ನಡುವೆ ಕರಗಿಹೋಗಬೇಕೆಂಬುದು ಉದ್ದೇಶ. ಹೊಟ್ಟೆಯ ಭಾಗಕ್ಕೆ ಆಕಾಶದ ತಿಳಿ ಬಣ್ಣ. ಎರಡು ಬಣ್ಣಗಳ ಗಡಿಯು ರೆಕ್ಕೆಯ ಅಂಚನ್ನು ಅನುಸರಿಸದೆ ಅದನ್ನು ಅಡ್ಡಲಾಗಿ ಕತ್ತರಿಸುತ್ತಿತ್ತು. ಕಣ್ಣು ವಸ್ತುವನ್ನು ಗುರುತಿಸುವುದು ಮುಖ್ಯವಾಗಿ ಅದರ ಹೊರರೇಖೆಯಿಂದ. ಆ ರೇಖೆಯನ್ನು ಮುರಿದರೆ ವಸ್ತು ಎದುರಿಗಿದ್ದರೂ ಗುರುತು ಸಿಕ್ಕುವುದಿಲ್ಲ. ಬ್ರಿಟನ್ನಿನ ಪ್ರಾಣಿಶಾಸ್ತ್ರಜ್ಞ ಹ್ಯೂ ಕಾಟ್ ಅವರು ಪ್ರಾಣಿಗಳ ವರ್ಣವನ್ನು ಕುರಿತು 1940ರಲ್ಲಿ ಪ್ರಕಟಿಸಿದ ಗ್ರಂಥವು ಈ ವಿಷಯವನ್ನು ವಿಸ್ತಾರವಾಗಿ ನಿರೂಪಿಸಿತು.

ಸ್ಥಳ ಬದಲಾದಂತೆ ಬಣ್ಣವೂ ಬದಲಾಗಬೇಕು. ಕಾದಾಟವು ಇಂಗ್ಲೆಂಡಿನ ನೆಲದಿಂದ ಕಡಲ ಮೇಲಕ್ಕೂ ಫ್ರಾನ್ಸಿನ ಮೇಲಕ್ಕೂ ಸರಿದಾಗ ಕಂದು ಬಣ್ಣವು ಎದ್ದು ಕಾಣತೊಡಗಿತು. ಆದುದರಿಂದ 1941ರ ಆಗಸ್ಟಿನಲ್ಲಿ ಅದರ ಬದಲು ಬೂದು ಬಣ್ಣವನ್ನು ಬಳಸಲು ಆಜ್ಞೆಯಾಯಿತು. ಅಲೆಗಳ ವಿನ್ಯಾಸ ಮಾತ್ರ ಮೊದಲಿನಂತೆಯೇ ಉಳಿಯಿತು. ಮೋಡಗಳ ಕೆಳಗೆ ತಗ್ಗಿನಲ್ಲಿ ಹಾರಿ ಛಾಯಾಚಿತ್ರ ತೆಗೆಯುತ್ತಿದ್ದ ಕೆಲವು ಸ್ಪಿಟ್‌ಫೈರ್‌ಗಳಿಗೆ ತೆಳು ಗುಲಾಬಿ ಬಣ್ಣವನ್ನೂ ಬಳಿದಿದ್ದರು. ಯುದ್ಧವಿಮಾನಕ್ಕೆ ಗುಲಾಬಿಯೇ ಎಂದು ನಗಬಹುದು. ಆದರೆ ಮೋಡದ ಬೆಳಕಿನಲ್ಲಿ ಅದು ಹಸಿರಿಗಿಂತ ಚೆನ್ನಾಗಿ ಮರೆಯಾಗುತ್ತಿತ್ತು.

ಬಣ್ಣದ ಶಕ್ತಿಗೂ ಒಂದು ಮಿತಿಯಿದೆ. ವಿಮಾನವು ದೂರ ಹೋದಂತೆ ಅದರ ತೇಪೆಗಳೆಲ್ಲ ಬೆರೆತು ಒಂದೇ ಬಣ್ಣದ ಚುಕ್ಕೆಯಾಗುತ್ತವೆ. ಬೆಳಗುವ ಆಕಾಶದ ಎದುರು ಆ ಚುಕ್ಕೆ ಕಪ್ಪಾಗಿಯೇ ತೋರುತ್ತದೆ. ಏಕೆಂದರೆ ಆಕಾಶವು ಬೆಳಕನ್ನು ಬೀರುತ್ತದೆ, ಬಣ್ಣವಾದರೋ ತನ್ನ ಮೇಲೆ ಬಿದ್ದ ಬೆಳಕನ್ನು ಮಾತ್ರ ಹಿಂದಿರುಗಿಸಬಲ್ಲದು. ಈ ತೊಡಕನ್ನು ಬಿಡಿಸಲು ಅಮೆರಿಕದ ನೌಕಾಪಡೆಯು ವಿಮಾನದ ಮುಂಭಾಗದಲ್ಲಿ ದೀಪಗಳ ಸಾಲನ್ನು ಜೋಡಿಸಿ, ಅವುಗಳ ಬೆಳಕನ್ನು ಆಕಾಶದ ಬೆಳಕಿಗೆ ಸರಿಹೊಂದಿಸಿ ಪ್ರಯೋಗ ನಡೆಸಿತು. ಸುಮಾರು 19 ಕಿಲೋಮೀಟರ್ ದೂರದಲ್ಲಿ ಕಾಣುತ್ತಿದ್ದ ವಿಮಾನವು ದೀಪಗಳು ಉರಿಯುವಾಗ 3 ಕಿಲೋಮೀಟರಿಗಿಂತಲೂ ಹತ್ತಿರ ಬರುವವರೆಗೆ ಕಾಣಲಿಲ್ಲ. ಅಡಗಬೇಕಾದವನು ದೀಪ ಹಚ್ಚಿಕೊಳ್ಳಬೇಕಾಯಿತು! ಆದರೆ ಅಷ್ಟರಲ್ಲಿ ರೇಡಾರ್ ಬಂದಿತ್ತು. ಅದಕ್ಕೆ ಬಣ್ಣವೂ ತಿಳಿಯದು, ಬೆಳಕೂ ಬೇಡ.

ಇನ್ನೊಂದು ಕಷ್ಟವು ಇದಕ್ಕಿಂತ ದಾರುಣವಾದುದು. ಶತ್ರುವಿಗೆ ಕಾಣದ ವಿಮಾನ ಮಿತ್ರನಿಗೂ ಕಾಣುವುದಿಲ್ಲ. ಕಂಡರೂ ಗುರುತು ಹತ್ತುವುದಿಲ್ಲ. ಯುದ್ಧವು ಆರಂಭವಾದ ಮೂರೇ ದಿನಗಳಲ್ಲಿ, 1939ರ ಸೆಪ್ಟೆಂಬರ್ 6ರಂದು, ಬ್ರಿಟನ್ನಿನ ಸ್ಪಿಟ್‌ಫೈರ್‌ಗಳು ತಮ್ಮವೇ ಆದ ಎರಡು ಹರಿಕೇನ್‌ಗಳನ್ನು ಹೊಡೆದುರುಳಿಸಿದವು. ಒಬ್ಬ ತರುಣ ವೈಮಾನಿಕನು ತನ್ನವರ ಗುಂಡಿಗೇ ಬಲಿಯಾದನು. 1943ರ ಜುಲೈಯಲ್ಲಿ ಸಿಸಿಲಿಯ ಕಡೆಗೆ ಸೈನಿಕರನ್ನು ಹೊತ್ತು ಸಾಗುತ್ತಿದ್ದ 144 ಅಮೆರಿಕನ್ ವಿಮಾನಗಳ ಪೈಕಿ 23 ವಿಮಾನಗಳು ಸ್ವಪಕ್ಷದ ಫಿರಂಗಿಗಳಿಗೇ ತುತ್ತಾದವು. ಇಂತಹ ಅನುಭವದಿಂದ ಪಾಠ ಕಲಿತು, 1944ರ ಜೂನ್ 6ರಂದು ನಾರ್ಮಂಡಿಯ ದಾಳಿಗೆ ಹೊರಟ ವಿಮಾನಗಳ ರೆಕ್ಕೆಗಳಿಗೂ ಒಡಲಿಗೂ ಮೂರು ಬಿಳಿ, ಎರಡು ಕಪ್ಪು ಪಟ್ಟೆಗಳನ್ನು ಬಳಿದರು. ಗುಟ್ಟು ಹೊರಬೀಳಬಾರದೆಂದು ಕೊನೆಯ ಗಳಿಗೆಯಲ್ಲಿ ಆಜ್ಞೆ ಬಂದುದರಿಂದ, ಸಿಕ್ಕಿದ ಕುಂಚಗಳನ್ನು ಹಿಡಿದು ಅವಸರದಿಂದ ಈ ಕೆಲಸವನ್ನು ಮುಗಿಸಬೇಕಾಯಿತು. ಅಡಗಲೆಂದು ಬಳಿದ ಬಣ್ಣದ ಮೇಲೆ, ಕಾಣಲೆಂದೇ ಬಳಿದ ಬಣ್ಣ!

ಈ ಎಲ್ಲ ವಿಮಾನಗಳನ್ನು ಇಂದು ಮತ್ತೆ ಹಾರಿಸುವ ಒಂದು ಬಗೆಯಿದೆ. 1929ರಲ್ಲಿ ಅಮೆರಿಕದ ಎಡ್ವಿನ್ ಲಿಂಕ್ ಎಂಬವರು ನೆಲದ ಮೇಲೆಯೇ ವಿಮಾನ ಚಾಲನೆಯನ್ನು ಕಲಿಸುವ ಯಂತ್ರವನ್ನು ರಚಿಸಿದರು. ಅವರ ತಂದೆಯದು ಪಿಯಾನೊ ಮತ್ತು ಆರ್ಗನ್ ವಾದ್ಯಗಳ ಕಾರ್ಖಾನೆ. ವಾದ್ಯಕ್ಕೆ ಗಾಳಿಯೂದುವ ತಿದಿಗಳಿಂದಲೇ ಆ ಯಂತ್ರವು ಓಲಾಡುತ್ತಿತ್ತು. ಮುಂದೆ ಗಣಕಯಂತ್ರವು ಬಂದಾಗ ಬ್ರೂಸ್ ಆರ್ಟ್‌ವಿಕ್ ಅವರು ತೆರೆಯ ಮೇಲೆ ಹಾರುವ ವಿಮಾನವನ್ನು ರೂಪಿಸಿದರು; 1982ರಲ್ಲಿ ಅದು ಮೈಕ್ರೋಸಾಫ್ಟ್ ಸಂಸ್ಥೆಯ ಫ್ಲೈಟ್ ಸಿಮ್ಯುಲೇಟರ್ ಎಂಬ ಹೆಸರಿನಿಂದ ಹೊರಬಂದಿತು. 2001ರಲ್ಲಿ ರಷ್ಯದಿಂದ ಬಂದ 'ಇಲ್-2 ಸ್ಟುರ್ಮೋವಿಕ್' ಎರಡನೆಯ ಮಹಾಯುದ್ಧದ ವಿಮಾನಗಳನ್ನು ತೆರೆಗೆ ತಂದಿತು. ಮೊದಲು ಕೆಲವೇ ಗೆರೆಗಳಿಂದ ಕೂಡಿದ್ದ ಚಿತ್ರಗಳು ಈಗ ರಿವೆಟ್ಟುಗಳನ್ನು ಎಣಿಸುವಷ್ಟು ಸ್ಪಷ್ಟವಾಗಿವೆ. ಈ ವಿಮಾನಗಳಿಗೆ ಗಣಕದಲ್ಲಿಯೇ ಬಣ್ಣ ಬಳಿಯುವ ಹವ್ಯಾಸಿಗಳು ಲೋಕದ ಹಲವು ದೇಶಗಳಲ್ಲಿದ್ದಾರೆ.

ಗಣಕದ ವಿಮಾನಕ್ಕೆ ಬಣ್ಣ ಬಳಿಯುವುದು ಹೇಗೆ? ದರ್ಜಿಯ ಕೆಲಸವನ್ನು ನೆನಪಿಗೆ ತಂದುಕೊಳ್ಳಿರಿ. ಅಂಗಿಯು ಮೈಮೇಲೆ ದುಂಡಗಿದ್ದರೂ ಅದರ ತೋಳು, ಬೆನ್ನು, ಕತ್ತುಪಟ್ಟಿಗಳನ್ನು ದರ್ಜಿಯು ಚಪ್ಪಟೆಯಾದ ಬಟ್ಟೆಯಲ್ಲಿ ಕತ್ತರಿಸುತ್ತಾನೆ. ಅದೇ ರೀತಿ ವಿಮಾನದ ಮೇಲ್ಮೈಯನ್ನು ಬಿಡಿಸಿ, ರೆಕ್ಕೆ, ಒಡಲು, ಬಾಲಗಳನ್ನು ಒಂದು ಚೌಕಾಕಾರದ ಹಾಳೆಯ ಮೇಲೆ ಹರಡಿರುತ್ತಾರೆ. ಹಾಳೆಯ ಒಂದೊಂದು ಬದಿಯಲ್ಲಿ 4096 ಬಿಂದುಗಳಿದ್ದರೆ ಒಟ್ಟು 1,67,77,216 ಬಿಂದುಗಳಾಗುತ್ತವೆ. ಚಿತ್ರಕಾರನು ಈ ಹಾಳೆಯ ಮೇಲೆ ಬಣ್ಣ ತುಂಬಿದರೆ ಗಣಕವು ಅದನ್ನು ವಿಮಾನಕ್ಕೆ ಹೊದಿಸುತ್ತದೆ. ಪಟ್ಟೆಯಂಗಿಯ ಹೊಲಿಗೆಯಲ್ಲಿ ಪಟ್ಟೆಗೆ ಪಟ್ಟೆ ಕೂಡದಿದ್ದರೆ ಹೇಗೆ ಎದ್ದು ಕಾಣುವುದೋ ಹಾಗೆಯೇ, ರೆಕ್ಕೆಯ ಹಸಿರು ಒಡಲಿನ ಹಸಿರಿಗೆ ಸೇರದಿದ್ದರೆ ಇಲ್ಲಿಯೂ ಕೆಲಸವು ಕೆಡುತ್ತದೆ.

ಬಣ್ಣವನ್ನು ಪದರ ಪದರವಾಗಿ ಬಳಿಯಬೇಕು. ತಳದಲ್ಲಿ ಲೋಹದ ಹೊಳಪು. ಅದರ ಮೇಲೆ ಮರೆಯ ಬಣ್ಣ. ಅದರ ಮೇಲೆ ಲಾಂಛನ ಮತ್ತು ಅಕ್ಷರಗಳು. ಕೊನೆಗೆ ಧೂಳು, ಎಣ್ಣೆ, ಮಸಿ. ನಿಜವಾದ ವಿಮಾನವೂ ಇದೇ ಕ್ರಮದಲ್ಲಿ ಬಣ್ಣವನ್ನು ಹೊತ್ತಿತ್ತು. ಮೇಲಿನ ಪದರವನ್ನು ಅಲ್ಲಲ್ಲಿ ಕೆರೆದರೆ ಕೆಳಗಿನ ಲೋಹ ಮಿನುಗುತ್ತದೆ. ಹೊಳಪೆಷ್ಟು, ಒರಟೆಷ್ಟು ಎಂಬುದಕ್ಕೂ ಉಬ್ಬುತಗ್ಗುಗಳಿಗೂ ಬೇರೆ ಬೇರೆ ಹಾಳೆಗಳಿರುತ್ತವೆ. ನೆರಳನ್ನು ಮಾತ್ರ ಚಿತ್ರಕಾರನು ಬಳಿಯಬಾರದು. ಸೂರ್ಯನ ಸ್ಥಾನಕ್ಕನುಗುಣವಾಗಿ ಗಣಕವೇ ನೆರಳನ್ನು ಲೆಕ್ಕಹಾಕುವುದರಿಂದ, ಬಳಿದ ನೆರಳಿನ ಮೇಲೆ ಇನ್ನೊಂದು ನೆರಳು ಬಿದ್ದು ವಿಮಾನವು ಕೊಳಕಾಗಿ ತೋರುತ್ತದೆ.

ಹಳತಾದಂತೆ ತೋರಲೆಂದು ಕಂಡಕಂಡಲ್ಲಿ ಕಲೆಗಳನ್ನು ಚೆಲ್ಲಿದರೆ ಅದು ನೈಜತೆಯಾಗದು. ಪ್ರತಿಯೊಂದು ಕಲೆಗೂ ಒಂದು ಕಾರಣವಿರಬೇಕು. ಎಂಜಿನ್ನಿನ ಹೊಗೆಕೊಳವೆಗಳ ಹಿಂದೆ ಮಸಿಯು ಗಾಳಿ ಬೀಸಿದ ದಿಕ್ಕಿನಲ್ಲಿಯೇ ಹರಡುತ್ತದೆ. ಸ್ಪಿಟ್‌ಫೈರಿನ ಚಾಲಕನು ಎಡಗಡೆಯಿಂದ ಹತ್ತುತ್ತಿದ್ದುದರಿಂದ ಎಡರೆಕ್ಕೆಯ ಬುಡದಲ್ಲಿ ಬಣ್ಣವು ಹೆಚ್ಚಾಗಿ ಸವೆಯುತ್ತಿತ್ತು. ಹರಿಕೇನಿನ ಒಡಲಿನ ಹಿಂಭಾಗಕ್ಕೆ ಬಟ್ಟೆಯ ಹೊದಿಕೆಯಿತ್ತು. ಅಲ್ಲಿ ಲೋಹದ ಮಿನುಗನ್ನು ತೋರಿಸಿದವನು ಆ ವಿಮಾನವನ್ನು ಅರಿತಿಲ್ಲವೆಂದೇ ಅರ್ಥ. ರೆಕ್ಕೆಯಲ್ಲಿದ್ದ ಬಂದೂಕುಗಳ ಬಾಯಿಗೆ ಧೂಳೂ ತೇವವೂ ಹೋಗದಂತೆ ಕೆಂಪು ಬಟ್ಟೆಯ ತುಂಡುಗಳನ್ನು ಅಂಟಿಸುತ್ತಿದ್ದರು. ಮೊದಲ ಗುಂಡಿಗೆ ಅವು ಹರಿಯುತ್ತಿದ್ದವು. ಹಿಂದಿರುಗಿ ಬಂದ ವಿಮಾನದಲ್ಲಿ ಆ ತುಂಡುಗಳು ಹರಿದಿದ್ದರೆ, ನಮ್ಮವನು ಶತ್ರುವನ್ನು ಎದುರಿಸಿ ಬಂದಿದ್ದಾನೆಂದು ನೆಲದ ಮೇಲೆ ಕಾಯುತ್ತಿದ್ದವರಿಗೆ ತಿಳಿಯುತ್ತಿತ್ತು. ಬೆರಳಗಲದ ಒಂದು ಬಟ್ಟೆಯ ಚೂರಿನಲ್ಲಿ ಒಬ್ಬ ಮನುಷ್ಯನ ಒಂದು ದಿನದ ಕಥೆ ಅಡಗಿತ್ತು.

ಸರಿಯಾದ ಬಣ್ಣ ಯಾವುದೆಂದು ತಿಳಿಯುವುದು ಎಲ್ಲಕ್ಕಿಂತ ಕಠಿನವಾದ ಕೆಲಸ. ಆ ಕಾಲದ ಛಾಯಾಚಿತ್ರಗಳಲ್ಲಿ ಹೆಚ್ಚಿನವು ಕಪ್ಪುಬಿಳುಪಿನವು. ಅವೂ ಕೆಲವೊಮ್ಮೆ ಕಣ್ಣನ್ನು ಮೋಸಗೊಳಿಸುತ್ತವೆ. ಅಂದು ಬಳಕೆಯಲ್ಲಿದ್ದ ಒಂದು ಬಗೆಯ ಫಿಲ್ಮಿಗೆ ಕೆಂಪು ಬೆಳಕು ತಾಗುತ್ತಿರಲಿಲ್ಲ. ಅದರಲ್ಲಿ ಹಳದಿಯು ಕಪ್ಪಾಗಿಯೂ ನೀಲಿಯು ಬೆಳ್ಳಗೂ ಮೂಡುತ್ತಿತ್ತು. ಬ್ರಿಟಿಷ್ ವಿಮಾನದ ಲಾಂಛನವನ್ನು ಸುತ್ತುವರಿದ ಹಳದಿ ಬಳೆಯು ಒಂದು ಚಿತ್ರದಲ್ಲಿ ಬೆಳ್ಳಗೂ ಇನ್ನೊಂದರಲ್ಲಿ ಕಪ್ಪಗೂ ಕಾಣುವುದು ಇದರಿಂದಲೇ. ಆದುದರಿಂದ ಚಿತ್ರಕಾರನು ಸೇನೆಯ ಆಜ್ಞೆಗಳನ್ನೂ ಬಣ್ಣದ ಮಾದರಿಗಳನ್ನೂ ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವ ವಿಮಾನಗಳನ್ನೂ ಒಂದರೊಡನೊಂದು ಹೋಲಿಸಿ ನೋಡಬೇಕು. 1956ರಲ್ಲಿ ಅಮೆರಿಕದ ಸರಕಾರವು ಬಣ್ಣಗಳಿಗೆ ಐದು ಅಂಕಿಗಳ ಸಂಖ್ಯೆಗಳನ್ನು ಗೊತ್ತುಮಾಡಿತು. 34079 ಎಂಬ ಸಂಖ್ಯೆಯಲ್ಲಿ ಮೊದಲನೆಯ 3 ಹೊಳಪಿಲ್ಲದ ಬಣ್ಣವೆಂಬುದನ್ನೂ ಎರಡನೆಯ 4 ಹಸಿರೆಂಬುದನ್ನೂ ಸೂಚಿಸುತ್ತದೆ. ವಿಯೆಟ್ನಾಮ್ ಯುದ್ಧದ ಅಮೆರಿಕನ್ ವಿಮಾನಗಳ ಕಡುಹಸಿರು ಇದೇ. ಆದರೆ ಬಿಸಿಲು ಮಳೆಗಳು ಸಂಖ್ಯೆಯನ್ನು ಓದಿ ನಡೆಯುವುದಿಲ್ಲ. ಬಳಿದ ಬಣ್ಣವು ಕೆಲವು ತಿಂಗಳುಗಳಲ್ಲಿಯೇ ಮಾಸುತ್ತದೆ.

ಬಣ್ಣದೊಡನೆ ದಿನಾಂಕವೂ ಮುಖ್ಯ. 1940ರ ಜೂನ್ ತಿಂಗಳವರೆಗೆ ಬ್ರಿಟಿಷ್ ಯುದ್ಧವಿಮಾನದ ಹೊಟ್ಟೆಯು ಅರ್ಧ ಕಪ್ಪು, ಅರ್ಧ ಬಿಳುಪಾಗಿತ್ತು. ನೆಲದ ಮೇಲಿನ ವೀಕ್ಷಕರು ತಮ್ಮವರನ್ನು ಗುರುತಿಸಲೆಂದು ಮಾಡಿದ ಏರ್ಪಾಡು ಅದು. ಅನಂತರ ಆಕಾಶದ ಬಣ್ಣ ಬಂದಿತು. ನಮ್ಮ ದೇಶಕ್ಕೆ ಸಂಬಂಧಿಸಿದ ಒಂದು ನಿದರ್ಶನವೂ ಇದೆ. 1944ರಲ್ಲಿ ಇಂಫಾಲದ ಕಣಿವೆಯಲ್ಲಿ ಅರ್ಜನ್ ಸಿಂಗ್ ಅವರ ನಾಯಕತ್ವದಲ್ಲಿ ಭಾರತೀಯ ವಾಯುದಳದ ಒಂದನೆಯ ತುಕಡಿಯು ಹರಿಕೇನ್‌ಗಳನ್ನು ಹಾರಿಸಿ ಹೋರಾಡಿತು. ಜಪಾನಿನ ಲಾಂಛನವು ಕೆಂಪು ಸೂರ್ಯ. ನಮ್ಮವರ ಲಾಂಛನದ ನಡುವಿನ ಕೆಂಪು ಬೊಟ್ಟು ಅದೆಂದು ಭ್ರಮಿಸಿ ಮಿತ್ರರು ಗುಂಡು ಹಾರಿಸಬಾರದೆಂದು ಆ ರಣರಂಗದಲ್ಲಿ ಕೆಂಪನ್ನು ತೆಗೆದುಹಾಕಿ, ನೀಲಿಯ ಲಾಂಛನವನ್ನು ಬಳಸಿದ್ದರು. ಇಂಫಾಲದ ಹರಿಕೇನಿಗೆ ಲಂಡನ್ನಿನ ಕೆಂಪು ಬೊಟ್ಟನ್ನಿಟ್ಟರೆ ಚಿತ್ರವು ಅಂದವಾಗಿಯೇ ಇದ್ದೀತು; ಇತಿಹಾಸವಾಗಲಾರದು.

ಆಟದ ವಿಮಾನಕ್ಕೆ ಇಷ್ಟೊಂದು ಶ್ರದ್ಧೆಯು ಬೇಕೆ ಎಂದು ಕೆಲವರು ಕೇಳಬಹುದು. ತೆರೆಯ ಮೇಲಿನ ಚಿತ್ರವು ಒಬ್ಬರಿಂದ ಹತ್ತು ಜನರಿಗೆ, ಹತ್ತರಿಂದ ಸಾವಿರಕ್ಕೆ ಹರಡುತ್ತದೆ. ಅದನ್ನು ಕಂಡವರು ಹಿಂದೆ ನಿಜವಾಗಿ ಹಾಗೆಯೇ ಇತ್ತೆಂದು ನಂಬುತ್ತಾರೆ. ಒಬ್ಬನ ಊಹೆಯು ಇನ್ನೊಬ್ಬನಿಗೆ ಆಧಾರವಾಗಿ, ಹತ್ತು ವರ್ಷಗಳಲ್ಲಿ ಸುಳ್ಳಿಗೆ ಸಾಕ್ಷಿಗಳು ಹುಟ್ಟಿಕೊಳ್ಳುತ್ತವೆ. ಆ ಅಕ್ಷರಗಳನ್ನೂ ಸಂಖ್ಯೆಯನ್ನೂ ಹೊತ್ತ ವಿಮಾನದಲ್ಲಿ ಒಬ್ಬ ಮನುಷ್ಯನು ಕುಳಿತಿದ್ದನು. ಅವನ ಪ್ರಾಣವು ಈ ಹಸಿರು ಕಂದುಗಳ ಆಸರೆಯನ್ನು ನೆಚ್ಚಿಕೊಂಡಿತ್ತು. ಅವನು ಹೊಡೆದುರುಳಿಸಿದ ಎದುರಾಳಿಯೂ ಬೇರೊಂದು ಬಣ್ಣದ ಮರೆಯಲ್ಲಿದ್ದ ಮನುಷ್ಯನೇ. ತೆರೆಯ ಮೇಲೆ ಬಿದ್ದ ವಿಮಾನವು ಗುಂಡಿಯನ್ನೊತ್ತಿದೊಡನೆ ಮತ್ತೆ ಏಳುತ್ತದೆ, ಅವರು ಏಳಲಿಲ್ಲ.

ಬೆಂಗಳೂರಿನಲ್ಲಿ 1940ರಲ್ಲಿ ವಿಮಾನ ಕಾರ್ಖಾನೆಯು ಆರಂಭವಾಯಿತು. ಯುದ್ಧದ ವರ್ಷಗಳಲ್ಲಿ ಅಲ್ಲಿ ಅಮೆರಿಕದ ವಿಮಾನಗಳ ದುರಸ್ತಿಯು ನಡೆಯುತ್ತಿತ್ತು. ಅಲ್ಲಿ ರೂಪುಗೊಂಡ ಮಾರುತ್ ವಿಮಾನವು 1961ರ ಜೂನ್ 17ರಂದು ಮೊದಲ ಬಾರಿಗೆ ಹಾರಿತು. ಆ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿ ಮಾರುತ್ ಮೊದಲಾದ ಹಳೆಯ ವಿಮಾನಗಳನ್ನು ಈಗಲೂ ನೋಡಬಹುದು. ಇಂದು ಅಲ್ಲಿ ತಯಾರಾಗುವ ತೇಜಸ್ ವಿಮಾನದ ಬಣ್ಣ ಬೂದು. ಅವಕಾಶ ದೊರೆತಾಗ ವಿಮಾನವೊಂದರ ಮುಂದೆ ನಿಂತು ಗಮನಿಸಿರಿ: ಬಣ್ಣ ಎಲ್ಲಿ ಸವೆದಿದೆ? ಏಕೆ ಸವೆದಿದೆ? ಯಾವ ಕಣ್ಣಿನಿಂದ ಮರೆಯಾಗಲು ಅದನ್ನು ಬಳಿದಿದ್ದರು? ಅಂದು ಅಡಗಿಸಲೆಂದು ಬಳಿದ ಬಣ್ಣವು, ನೋಡಲು ಕಲಿತವರಿಗೆ, ಹಿಂದಿನದನ್ನು ಬಯಲುಮಾಡುವ ಬರಹವಾಗುತ್ತದೆ.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ:
1. ಜಿಂಕೆಯ ಹೊಟ್ಟೆಯು ಬೆನ್ನಿಗಿಂತ ತಿಳಿಯಾಗಿರುವುದರಿಂದ ಆಗುವ ಪ್ರಯೋಜನವೇನು?
2. 1941ರ ಆಗಸ್ಟಿನಲ್ಲಿ ಬ್ರಿಟಿಷ್ ವಿಮಾನಗಳ ಕಂದು ಬಣ್ಣವನ್ನು ಏಕೆ ಬಿಡಲಾಯಿತು?
3. ಬಂದೂಕಿನ ಬಾಯಿಗೆ ಅಂಟಿಸಿದ ಕೆಂಪು ಬಟ್ಟೆಯು ಹರಿದಿದ್ದರೆ ಏನು ತಿಳಿಯುತ್ತಿತ್ತು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ:
1. ಶತ್ರುವಿನಿಂದ ಮರೆಯಾಗುವುದಕ್ಕೂ ಮಿತ್ರನಿಗೆ ಗುರುತಾಗುವುದಕ್ಕೂ ಇರುವ ವಿರೋಧವನ್ನು ನಿದರ್ಶನಗಳೊಡನೆ ವಿವರಿಸಿರಿ.
2. ಹಳೆಯ ಛಾಯಾಚಿತ್ರವೊಂದನ್ನೇ ನಂಬಿ ಬಣ್ಣವನ್ನು ನಿರ್ಧರಿಸುವುದು ಏಕೆ ಸರಿಯಲ್ಲ?

ಇ) ನಿಮ್ಮ ಮನೆಯ ಹಳೆಯ ಸೈಕಲ್ಲನ್ನೋ ಬಾಗಿಲನ್ನೋ ಗಮನಿಸಿ, ಬಣ್ಣವು ಸವೆದಿರುವ ಸ್ಥಳಗಳನ್ನೂ ಅದರ ಕಾರಣಗಳನ್ನೂ ಬರೆಯಿರಿ.